ಹಿಂದೊಂದು ಸೈಜು, ಮುಂದೊಂದು ಸೈಜು

ಮಸ್ಕಿ ಇನ್ನೂ ನಾಲ್ಕೈದು ಕಿಲೋಮೀಟರ್ ಇರುವಾಗ ಕಾರಿನ ಮುಂದಿನ ಬಲಗಾಲಿ ಉಸಿರು ಬಿಟ್ಟಿತು. ಸಿಂಧನೂರಿನಿಂದ ಲಿಂಗಸುಗೂರಿನ ಮೇಲೆ ಕಲಬುರಗಿಗೆ ಹೊರಟಿದ್ದೆ. ಭತ್ತದ ಕೊಯ್ಲು ನಡೆದಿದ್ದ ದಿನಗಳು. ರಸ್ತೆಯ ತುಂಬ ಟ್ರ್ಯಾಕ್ಟರು, ಟ್ರಾಲಿ, ಹುಲ್ಲಿನ ಲಾರಿ. ಯಾವುದೋ ಟ್ರಾಲಿಯಿಂದ ಕಳಚಿಬಿದ್ದ ಕಬ್ಬಿಣದ ಚೂರು ಟೈರಿನ ಪಕ್ಕೆಯನ್ನೇ ಸೀಳಿತ್ತು. ಪಕ್ಕೆ ಸೀಳಿದ ಟೈರಿಗೆ ಪಂಚರ್ ಹಾಕಲು ಬರುವುದಿಲ್ಲ. ಜಾಕಿ ಏರಿಸಿ, ಸ್ಟೆಪ್ನಿ ಹಾಕಿ, ನಿಧಾನಕ್ಕೆ ಮಸ್ಕಿ ತಲುಪಿ ಹೆದ್ದಾರಿ ಪಕ್ಕದ ಪಂಚರ್ ಅಂಗಡಿ ಮುಂದೆ ನಿಲ್ಲಿಸಿದೆ.

ಅಂಗಡಿಯವನು ಕಾರಿನ ಸುತ್ತ ಒಂದು ಸುತ್ತು ಹಾಕಿದ. ಮುಂದೆ ಬಗ್ಗಿ ನೋಡಿದ, ಹಿಂದೆ ಬಗ್ಗಿ ನೋಡಿದ. ಆಮೇಲೆ ಕೇಳಿದ: "ಸರ, ಇದು ಕಾರೇನ್ರಿ, ಟ್ರ್ಯಾಕ್ಟರ್ ಏನ್ರಿ? ಮುಂದೊಂದು ಸೈಜ್, ಹಿಂದೊಂದು ಸೈಜ್. ಈಗ ನೋಡಿದ್ರ ಎಡಕ್ಕೊಂದು ಬಲಕ್ಕೊಂದು ಬ್ಯಾರೆ ಆಗ್ಯಾವ."

ತಪ್ಪು ನನ್ನದೇ. ಮೂರು ತಿಂಗಳ ಹಿಂದೆ ಮುಂದಿನ ಎರಡು ಟೈರು ಸವೆದು ಬೋಳಾಗಿದ್ದವು. ಕಂಪನಿ ಕೊಟ್ಟಿದ್ದ ಅಳತೆ 185/65 ಆರ್15. ಆ ಹೊತ್ತಿಗೆ ಅಂಗಡಿಯೊಂದರಲ್ಲಿ 175/65 ಆರ್15 ಜೋಡಿಯೊಂದು ಕಡಿಮೆ ಬೆಲೆಗೆ ಸಿಕ್ಕಿತು. ರಿಮ್ಮಿಗೆ ಕೂರುತ್ತದೆ, ಹತ್ತು ಮಿಲಿಮೀಟರ್ ಯಾವ ಲೆಕ್ಕ ಎಂದು ಹಾಕಿಸಿಕೊಂಡೆ. ಉಳಿದ ದುಡ್ಡಿನಲ್ಲಿ ಸೀಟ್ ಕವರ್ ಬಂತು.

ಹತ್ತು ಮಿಲಿಮೀಟರ್ ಯಾವ ಲೆಕ್ಕ ಎಂಬುದನ್ನು ಆವತ್ತು ಅಂಗಡಿ ಮುಂದಿನ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ. ಟೈರಿನ ಮೇಲಿನ ಮೊದಲ ಅಂಕಿ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ ಎತ್ತರ; ಆದರೆ ಮಿಲಿಮೀಟರಿನಲ್ಲಲ್ಲ, ಅಗಲದ ಶೇಕಡಾವಾರು. 65 ಎಂದರೆ ಅಗಲದ ನೂರಕ್ಕೆ 65 ಪಾಲು. ಮೂರನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರೂ ಸಂಸಾರ ಮಾಡುವುದನ್ನು ಬೇರೆಲ್ಲೂ ನಾನು ಕಂಡಿಲ್ಲ. ಎರಡನೆಯ ಅಂಕಿ ಮೊದಲನೆಯದಕ್ಕೆ ಗಂಟುಬಿದ್ದಿರುವುದರಿಂದ ಅಗಲ ಕಡಿಮೆಯಾದರೆ ಎತ್ತರವೂ ಕಡಿಮೆಯಾಗುತ್ತದೆ. 185/65 ಟೈರಿನ ವ್ಯಾಸ ಸುಮಾರು 621 ಮಿ.ಮೀ., 175/65ರದ್ದು ಸುಮಾರು 608. ಮೊದಲನೆಯದು ಒಂದು ಕಿಲೋಮೀಟರಿಗೆ 512 ಸುತ್ತು ಉರುಳಿದರೆ ಎರಡನೆಯದು 523 ಸುತ್ತು ಉರುಳಬೇಕು. ಕಿಲೋಮೀಟರಿಗೆ ಹನ್ನೊಂದು ಸುತ್ತು ಹೆಚ್ಚು. ಸಿಂಧನೂರಿನಿಂದ ಲಿಂಗಸುಗೂರು ಮುಟ್ಟುವ ಹೊತ್ತಿಗೆ ಆರುನೂರು ಸುತ್ತಿನ ಆಸುಪಾಸು.

ಮುಂದಿನ ಎರಡೂ ಚಿಕ್ಕವು, ಹಿಂದಿನ ಎರಡೂ ದೊಡ್ಡವು ಆಗಿರುವ ತನಕ ಇದರಿಂದ ಯಂತ್ರಕ್ಕೆ ಅಂಥ ತೊಂದರೆಯಿಲ್ಲ. ನನ್ನದು ಮುಂದಿನ ಗಾಲಿ ಎಳೆಯುವ ಸಣ್ಣ ಕಾರು. ಹಿಂದಿನ ಗಾಲಿಗಳು ಸುಮ್ಮನೆ ಹಿಂಬಾಲಿಸುತ್ತವೆ. ಅವು ಎಷ್ಟು ಸುತ್ತು ಉರುಳಿದವು ಎಂದು ಗೇರ್‌ಬಾಕ್ಸು ಕೇಳುವುದಿಲ್ಲ. ಕೇಳುವುದು ಬ್ರೇಕು ಒತ್ತಿದಾಗ ಗಾಲಿ ಬಿಗಿದು ಜಾರದಂತೆ ನೋಡಿಕೊಳ್ಳುವ ಎಬಿಎಸ್‌ನ ಕಂಪ್ಯೂಟರು ಮಾತ್ರ. 2019ರ ಏಪ್ರಿಲ್‌ನಿಂದ ನಮ್ಮಲ್ಲಿ ಮಾರುವ ಎಲ್ಲ ಹೊಸ ಕಾರುಗಳಲ್ಲೂ ಎಬಿಎಸ್ ಕಡ್ಡಾಯ. ಅದು ನಾಲ್ಕೂ ಗಾಲಿಗಳ ವೇಗವನ್ನು ಸದಾ ಹೋಲಿಸಿ ನೋಡುತ್ತಿರುತ್ತದೆ, ಯಾವುದಾದರೂ ಒಂದು ಉಳಿದವಕ್ಕಿಂತ ಬೇರೆಯಾಗಿ ತಿರುಗಿದರೆ ಅದು ಜಾರುತ್ತಿದೆ ಎಂದು ತಿಳಿಯುತ್ತದೆ. ಶೇ 2ರಷ್ಟು ವ್ಯತ್ಯಾಸವನ್ನು ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ, ವ್ಯತ್ಯಾಸ ಇನ್ನೂ ಹೆಚ್ಚಿದರೆ ತಪ್ಪು ತಿಳಿಯಲೂಬಹುದು. ಇನ್ನು ಸ್ಪೀಡೋಮೀಟರು ಇರುವುದಕ್ಕಿಂತ ಒಂದಿಷ್ಟು ಹೆಚ್ಚು ತೋರಿಸುತ್ತದೆ. ನಮ್ಮ ರಸ್ತೆಗೆ ಅದು ಒಳ್ಳೆಯದೇ.

ಸ್ಟೆಪ್ನಿ ಮುಂದೆ ಬಂದಾಗ ಕಥೆ ಕೆಟ್ಟಿತು. ಮುಂದಿನ ಎಡಕ್ಕೆ 175, ಬಲಕ್ಕೆ ಸ್ಟೆಪ್ನಿಯ 185. ಈ ಎರಡು ಗಾಲಿಗಳ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಗುಂಪು ಇದೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ, ಒಳಗಿನ ಗಾಲಿ ಕಡಿಮೆ ದೂರ ಓಡಬೇಕಲ್ಲ, ಆ ವ್ಯತ್ಯಾಸವನ್ನು ಸರಿದೂಗಿಸುವುದು ಅದರ ಕೆಲಸ. ನೇರ ರಸ್ತೆಯಲ್ಲಿ ಅದಕ್ಕೆ ವಿಶ್ರಾಂತಿ. ನನ್ನ ಕಾರಿನಲ್ಲಿ ಆವತ್ತು ಅದಕ್ಕೆ ವಿಶ್ರಾಂತಿಯೇ ಇರಲಿಲ್ಲ. ಮುಗಿಯದ ಒಂದು ತಿರುವಿನಲ್ಲಿ ಕಾರು ಹೋಗುತ್ತಿದೆ ಎಂದೇ ಅದರ ಭಾವನೆ. ಸ್ಟಿಯರಿಂಗು ಎಡಕ್ಕೆ, ಅಂದರೆ ಚಿಕ್ಕ ಗಾಲಿಯ ಕಡೆಗೆ, ಎಳೆಯುತ್ತಿತ್ತು. ನಾಲ್ಕು ಕಿಲೋಮೀಟರಿಗೆ ಏನೂ ಆಗದು. ನಾನು ಅದೇ ಸ್ಥಿತಿಯಲ್ಲಿ ಲಿಂಗಸುಗೂರು ದಾಟಿ ಕಲಬುರಗಿಗೆ ಹೋಗಬೇಕೆಂದಿದ್ದೆ.

ಮಸ್ಕಿಯ ಆ ಮನುಷ್ಯನ ಬಳಿ ನನ್ನ ಅಳತೆಯ ಟೈರು ಇರಲಿಲ್ಲ. ಆತ ಐದು ನಿಮಿಷ ಬೀಡಿ ಸೇದಿದ. ಆಮೇಲೆ ಮಾಡಿದ್ದು ಇಷ್ಟು: ಹಿಂದಿನ ಎರಡೂ 185ಗಳನ್ನು ಬಿಚ್ಚಿ ಮುಂದೆ ಹಾಕಿದ. ಸ್ಟೆಪ್ನಿಯನ್ನೂ ಉಳಿದಿದ್ದ ಒಂಟಿ 175ನ್ನೂ ಹಿಂದೆ ಹಾಕಿದ. ಎಳೆಯುವ ಅಚ್ಚಿನಲ್ಲಿ ಜೋಡಿ ಸಮವಾಯಿತು. ಸಮವಿಲ್ಲದ ಜೋಡಿ ಹಿಂದೆ ಹೋಯಿತು. ಅಲ್ಲಿ ಡಿಫರೆನ್ಷಿಯಲ್ಲೇ ಇಲ್ಲ, ಎರಡು ಗಾಲಿಗೂ ಒಂದಕ್ಕೊಂದು ಸಂಬಂಧವಿಲ್ಲ. "ಅರವತ್ತರ ಮ್ಯಾಲ ಹೋಗಬ್ಯಾಡ್ರಿ. ಮಳಿ ಬಂದ್ರ ಇನ್ನೂ ನಿಧಾನ" ಅಂದ. ನಾಲ್ಕು ಗಾಲಿ ಬಿಚ್ಚಿ ಕಟ್ಟಿದ್ದಕ್ಕೆ ಆತ ಕೇಳಿದ ಕೂಲಿ ಹೇಳಿದರೆ ಬೆಂಗಳೂರಿನವರಿಗೆ ನಾಚಿಕೆಯಾದೀತು.

ಈಗಿನ ಅನೇಕ ಕಾರುಗಳಲ್ಲಿ ಸ್ಟೆಪ್ನಿಯೇ ಉಳಿದ ನಾಲ್ಕಕ್ಕಿಂತ ಸಪೂರ, ಮೇಲೆ 80 ಕಿ.ಮೀ. ವೇಗ ಮೀರಬಾರದೆಂಬ ಚೀಟಿ ಅಂಟಿಸಿರುತ್ತಾರೆ. ಮುಂದಿನ ಗಾಲಿ ಎಳೆಯುವ ಕಾರಿನಲ್ಲಿ ಮುಂದಿನದೇ ಪಂಚರ್ ಆದರೂ ಆ ಸಪೂರದ್ದನ್ನು ಹಿಂದೆ ಹಾಕಿ, ಹಿಂದಿನ ಸರಿಯಾದ ಗಾಲಿಯನ್ನು ಮುಂದಕ್ಕೆ ತಂದುಕೊಳ್ಳುವುದು ಜಾಣತನ. ಎರಡು ಸಲ ಜಾಕಿ ಏರಿಸಬೇಕು, ಅಷ್ಟೇ.

ಆತ ತಮಾಷೆಗೆ ಕೇಳಿದ ಟ್ರ್ಯಾಕ್ಟರ್ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಸಿಂಧನೂರು ಸೀಮೆಯಲ್ಲಿ ಹುಟ್ಟಿದ ಮಗು ಚಿತ್ರ ಬರೆಯುವಾಗ ಮುಂದೆ ಸಣ್ಣ ಸೊನ್ನೆ, ಹಿಂದೆ ದೊಡ್ಡ ಸೊನ್ನೆ ಬರೆದು ಅದಕ್ಕೆ ಗಾಡಿ ಎಂದು ಹೆಸರಿಡುತ್ತದೆ. ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ನೀರು ಹರಿಯತೊಡಗಿದ ಮೇಲೆ, 227 ಕಿಲೋಮೀಟರಿನ ಎಡದಂಡೆ ಕಾಲುವೆ ಈ ಜೋಳದ, ಹತ್ತಿಯ ಎರೆನೆಲವನ್ನು ಭತ್ತದ ಗದ್ದೆ ಮಾಡಿತು. ಕಾಲುವೆಯ ಹಿಂದೆ ವಲಸೆ ರೈತರ ಕ್ಯಾಂಪುಗಳು ಬಂದವು, ಕ್ಯಾಂಪುಗಳ ಹಿಂದೆ ಟ್ರ್ಯಾಕ್ಟರು. ಇವತ್ತು ಸಿಂಧನೂರಿನ ಗಾಂಧಿ ವೃತ್ತದಿಂದ ಗಂಗಾವತಿ ಕಡೆ ಹೋಗಿ, ಕುಷ್ಟಗಿ ಕಡೆ ಹೋಗಿ, ರಾಯಚೂರು ಕಡೆ ಹೋಗಿ, ಟ್ರ್ಯಾಕ್ಟರು ಇಲ್ಲವೇ ಅದರ ಟೈರು ಕಣ್ಣಿಗೆ ಬೀಳದೆ ಊರು ದಾಟುವುದಿಲ್ಲ. ಟೈರ್ ಅಂಗಡಿಗಳ ವ್ಯಾಪಾರವೂ ಕಾಲುವೆಯ ನೀರನ್ನೇ ನೋಡುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಗದ್ದೆಯವರ ಎದೆಯಷ್ಟೇ ಟೈರ್ ಅಂಗಡಿಯವರ ಎದೆಯೂ ಹೊಡೆದುಕೊಂಡಿತ್ತು.

ಸಾದಾ ಟ್ರ್ಯಾಕ್ಟರಿನ ಮುಂದಿನ ಟೈರು 6.00-16, ಹಿಂದಿನದು 13.6-28. ಇಲ್ಲಿ ಎರಡೂ ಅಂಕಿ ಇಂಚಿನಲ್ಲೇ: ಅಗಲ, ರಿಮ್ಮಿನ ವ್ಯಾಸ. ಹಿಂದಿನ ಗಾಲಿ ನೆಲದಿಂದ ಸುಮಾರು ನಾಲ್ಕೂಕಾಲು ಅಡಿ ಎತ್ತರ, ಮುಂದಿನದು ಎರಡೂವರೆ ಅಡಿಯೂ ಇಲ್ಲ. ಎಂಜಿನ್ ಮುಂದಿದ್ದರೂ ಭಾರದ ಹೆಚ್ಚು ಪಾಲು ಹಿಂದಿನ ಅಚ್ಚಿನ ಮೇಲಿದೆ. ನೇಗಿಲು ನೆಲಕ್ಕಿಳಿದು ಎಳೆಯತೊಡಗಿದರೆ ಮೂತಿ ಮೇಲೇಳಲು ನೋಡುತ್ತದೆ, ಭಾರ ಇನ್ನಷ್ಟು ಹಿಂದೆ ಸರಿಯುತ್ತದೆ. ಎಳೆಯುವ ಗಾಲಿಯ ಮೇಲೆ ಭಾರ ಬಿದ್ದಷ್ಟೂ ಹಿಡಿತ. ಆ ಭಾರವನ್ನು ಹಸಿ ಎರೆ ಮಣ್ಣಿನಲ್ಲಿ ಸಣ್ಣ ಗಾಲಿ ಹೊತ್ತರೆ ಚಾಕುವಿನಂತೆ ಇಳಿದುಬಿಡುತ್ತದೆ. ದೊಡ್ಡ ಗಾಲಿ ಅಂಗೈ ಊರಿದಂತೆ ನೆಲವನ್ನು ಉದ್ದಕ್ಕೆ ಮುಟ್ಟುತ್ತದೆ. ಮುಂದಿನ ಗಾಲಿಗೆ ಎಳೆಯುವ ಕೆಲಸವಿಲ್ಲ, ತಿರುಗಿಸುವ ಕೆಲಸ ಮಾತ್ರ. ಬದುವಿನ ಮೂಲೆಯಲ್ಲಿ ಗಕ್ಕನೆ ತಿರುಗಬೇಕಾದರೆ ಗಾಲಿ ಸಣ್ಣದಿದ್ದಷ್ಟೂ ಒಳ್ಳೆಯದು; ದೊಡ್ಡದಾದರೆ ಎಂಜಿನ್ನಿಗೇ ತಾಗುತ್ತದೆ. ಇಷ್ಟೂ ಸಾಲದೆಂದು ಹಿಂದಿನ ಟ್ಯೂಬಿಗೆ ಮುಕ್ಕಾಲು ಭಾಗ ನೀರು ತುಂಬಿಸುತ್ತಾರೆ. ಗಾಳಿಯ ಬದಲು ನೀರು ಏಕೆಂದು ಕೇಳಿದರೆ ರೈತ ಒಂದೇ ಮಾತಿನಲ್ಲಿ ಹೇಳುತ್ತಾನೆ: ವಜ್ಜಿ ಬೇಕು.

ನಾಟಿಗೆ ಮುಂಚೆ ಕೆಸರು ಹೊಡೆಯುವಾಗ ಹಿಂದಿನ ರಬ್ಬರ್ ಗಾಲಿಯ ಜೊತೆಗೋ ಅದರ ಬದಲಿಗೋ ಕಬ್ಬಿಣದ ಕೇಜ್‌ವೀಲ್ ಬರುತ್ತದೆ. ಅಮೆರಿಕದ ಅಲಿಸ್-ಚಾಮರ್ಸ್ ಕಂಪನಿ 1932ರಲ್ಲಿ ಗಾಳಿ ತುಂಬಿದ ರಬ್ಬರ್ ಟೈರನ್ನು ಟ್ರ್ಯಾಕ್ಟರಿಗೆ ಹಾಕಿ ಮಾರುವ ಮುಂಚೆ ಹೊಲದ ಬಹುತೇಕ ಟ್ರ್ಯಾಕ್ಟರುಗಳು ಕಬ್ಬಿಣದ ಗಾಲಿಯ ಮೇಲೆಯೇ ಓಡುತ್ತಿದ್ದವು. ನಮ್ಮ ಗದ್ದೆ ಆ ಕಬ್ಬಿಣವನ್ನು ವಾಪಸು ಕರೆಸಿಕೊಂಡಿದೆ. ಗದ್ದೆಯಲ್ಲಿ ಅದು ಸರಿ. ಅದೇ ಗಾಲಿಯಲ್ಲಿ ಡಾಂಬರು ರಸ್ತೆಗಿಳಿದರೆ ಹಲ್ಲಿನ ಗುರುತು ಊರಿಂದೂರಿಗೆ ಬೀಳುತ್ತದೆ. ಪ್ರತಿ ವರ್ಷ ಅಧಿಕಾರಿಗಳು ದಂಡದ ಮಾತಾಡುತ್ತಾರೆ, ಪ್ರತಿ ವರ್ಷ ರಸ್ತೆಯ ಮೇಲೆ ಹೊಸ ಹಲ್ಲು ಮೂಡುತ್ತದೆ.

ಕೊಯ್ಲಿಗೆ ಬರುವ ಹಾರ್ವೆಸ್ಟರ್ ನೋಡಿ, ಅದು ತಿರುಗುಮುರುಗು. ದೊಡ್ಡ ಗಾಲಿ ಮುಂದೆ, ಸಣ್ಣದು ಹಿಂದೆ. ಕತ್ತರಿಸುವ ಬಾಯಿ ಮುಂದೆ ಚಾಚಿಕೊಂಡಿದೆ, ಭಾರ ಮುಂದಿದೆ, ಎಳೆಯುವುದು ಮುಂದಿನ ಗಾಲಿ, ತಿರುಗುವುದು ಹಿಂದಿನದು. ಒಂದೇ ಗದ್ದೆಯಲ್ಲಿ ಜೂನ್-ಜುಲೈಗೆ ಒಂದು ಯಂತ್ರ ಹಿಂದಿನ ಗಾಲಿಯನ್ನು ದೊಡ್ಡದು ಮಾಡಿಕೊಂಡು ಬರುತ್ತದೆ, ನವೆಂಬರಿಗೆ ಇನ್ನೊಂದು ಮುಂದಿನದನ್ನು. ಎರಡೂ ಸರಿಯೇ. ಭಾರ ಎಲ್ಲಿ, ಕೆಲಸ ಎಲ್ಲಿ ಎಂಬುದನ್ನು ನೋಡಿ ಗಾಲಿಯ ಅಳತೆ ನಿಂತಿದೆ. ನನ್ನ ಕಾರಿನಲ್ಲಿ ಅದು ಅಂಗಡಿಯ ರಿಯಾಯಿತಿ ನೋಡಿ ನಿಂತಿತ್ತು.

ಎರಡು ಅಳತೆಯ ಲೆಕ್ಕ ತಪ್ಪಿದರೆ ಟ್ರ್ಯಾಕ್ಟರೂ ಒದ್ದಾಡುತ್ತದೆ. ಈಗ ಈ ಭಾಗದಲ್ಲಿ ನಾಲ್ಕೂ ಗಾಲಿ ಎಳೆಯುವ ಟ್ರ್ಯಾಕ್ಟರಿಗೆ ಒಲವು ಹೆಚ್ಚು. ಅದರಲ್ಲಿ ಮುಂದಿನ ಗಾಲಿ ಸಾದಾ ಟ್ರ್ಯಾಕ್ಟರಿನದಕ್ಕಿಂತ ದೊಡ್ಡದು, ಆದರೂ ಹಿಂದಿನದಕ್ಕಿಂತ ಸಣ್ಣದು. ಎರಡೂ ಅಚ್ಚುಗಳು ಗೇರುಗಳಿಂದ ಕಟ್ಟಿಹಾಕಿಕೊಂಡಿವೆ. ಸಣ್ಣ ಗಾಲಿ ಎಷ್ಟು ಪಟ್ಟು ಹೆಚ್ಚು ತಿರುಗಬೇಕು ಎಂಬುದನ್ನು ಕಾರ್ಖಾನೆಯಲ್ಲೇ ಹಲ್ಲು ಎಣಿಸಿ ಕೂರಿಸಿರುತ್ತಾರೆ. ಮುಂದಿನ ಗಾಲಿ ಹಿಂದಿನದಕ್ಕಿಂತ ಶೇ 1ರಿಂದ 5ರಷ್ಟು ಮುಂದೋಡುವಂತೆ ಬೇಕೆಂದೇ ಇಟ್ಟಿರುತ್ತಾರೆ, ಮುಂದಿನದು ಎಳೆಯಬೇಕು, ಹಿಂದಿನದರಿಂದ ತಳ್ಳಿಸಿಕೊಳ್ಳಬಾರದು ಎಂದು. ಯಾರಾದರೂ ಹಿಂದಿನ ಜೋಡಿಯನ್ನು ಮಾತ್ರ ಬೇರೆ ಅಳತೆಗೆ ಬದಲಿಸಿದರೆ ಆ ಲೆಕ್ಕ ಮುರಿಯುತ್ತದೆ. ಮುಂದಿನದು ಒಂದು ವೇಗ ಹೇಳುತ್ತದೆ, ಹಿಂದಿನದು ಇನ್ನೊಂದು. ಕೆಸರಿನಲ್ಲಾದರೆ ಗಾಲಿ ಜಾರಿ ಜಗಳ ಮುಗಿಯುತ್ತದೆ. ಡಾಂಬರಿನ ಮೇಲೆ ಜಾರಲು ಜಾಗವಿಲ್ಲ. ಟೈರು ಉಜ್ಜಿಕೊಳ್ಳುತ್ತದೆ, ಗೇರಿನ ಮೇಲೆ ಒತ್ತಡ ಬಿಗಿಯುತ್ತದೆ. ರಸ್ತೆಗೆ ಬಂದೊಡನೆ ಲಿವರ್ ಎಳೆದು ಮುಂದಿನ ಅಚ್ಚನ್ನು ಬಿಡಿಸುವುದು ಇದಕ್ಕೇ. ನಾಲ್ಕೂ ಗಾಲಿಗೆ ಸದಾ ಶಕ್ತಿ ಕೊಡುವ ದುಬಾರಿ ಕಾರುಗಳ ಒಡೆಯರೂ ಮುಂದಿನ-ಹಿಂದಿನ ಅಳತೆಯ ಲೆಕ್ಕ ಮುರಿಯಬಾರದೆಂಬುದನ್ನು ಟ್ರ್ಯಾಕ್ಟರ್ ಚಾಲಕರಿಂದ ಕಲಿಯಬಹುದು.

ಹಾಗಾದರೆ ಕಾರಿಗೆ ಹಿಂದೊಂದು ಮುಂದೊಂದು ಅಳತೆ ಇರಲೇಬಾರದೆ? ಇದೆ, ಮತ್ತು ಅದು ದೂರದ ಜರ್ಮನಿಯ ಪೋರ್ಷೆ 911ರಲ್ಲಿ ಮಾತ್ರವಲ್ಲ. ನಮ್ಮ ಟಾಟಾ ನ್ಯಾನೊ! ಲಕ್ಷ ರೂಪಾಯಿಯ ಕಾರು ಎಂದು 2008ರ ಜನವರಿಯಲ್ಲಿ ದೆಹಲಿಯಲ್ಲಿ ತೋರಿಸಿ, 2009ರ ಮಾರ್ಚಿನಲ್ಲಿ ಮಾರುಕಟ್ಟೆಗೆ ಬಿಟ್ಟರಲ್ಲ, ಅದೇ. ನ್ಯಾನೊದ ಮುಂದಿನ ಟೈರು 135/70 ಆರ್12, ಹಿಂದಿನದು 155/65 ಆರ್12. ಪೈಸೆ ಪೈಸೆ ಉಳಿಸಲು ಗಾಲಿಗೆ ಮೂರೇ ಬೋಲ್ಟು ಹಾಕಿದ ಕಾರಿಗೆ ಎರಡು ಅಳತೆಯ ಟೈರು ಕೊಡುವ ಐಷಾರಾಮ ಏಕೆ? 624 ಸಿಸಿ ಎಂಜಿನ್ ಹಿಂದಿನ ಸೀಟಿನ ಕೆಳಗೆ ಕೂತಿತ್ತು. ಭಾರ ಹಿಂದೆ, ಎಳೆತವೂ ಹಿಂದಿನ ಗಾಲಿಯಿಂದ.

ಹಿಂದೆ ಭಾರವಿರುವ ಕಾರನ್ನು ತಿರುವಿನಲ್ಲಿ ವೇಗವಾಗಿ ತಿರುಗಿಸಿದರೆ ಬಾಲ ಹೊರಗೆ ಬೀಸುತ್ತದೆ. ಹಿಂದಿನ ಟೈರನ್ನು ಅಗಲ ಮಾಡಿ, ಮುಂದಿನದನ್ನು ಸಪೂರ ಮಾಡಿದರೆ ಮೊದಲು ಜಾರುವುದು ಮುಂದಿನ ಗಾಲಿ. ಮುಂದಿನದು ಜಾರಿದರೆ ಕಾರು ತಿರುವಿನಲ್ಲಿ ತಿರುಗದೆ ನೇರ ಹೋಗಲು ನೋಡುತ್ತದೆ. ಗಾಬರಿಯಾದ ಚಾಲಕ ಆಕ್ಸಿಲರೇಟರ್ ಬಿಡುತ್ತಾನೆ, ಮುಂದಿನ ಗಾಲಿಗೆ ಹಿಡಿತ ಮರಳುತ್ತದೆ. ಹಿಂದಿನದು ಮೊದಲು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಆಗ ಆಕ್ಸಿಲರೇಟರ್ ಬಿಟ್ಟರೆ ಇನ್ನಷ್ಟು. ಅದನ್ನು ಸಂಭಾಳಿಸಲು ರೇಸಿನವರ ಕೈ ಬೇಕು. ನ್ಯಾನೊ 2018ರ ಹೊತ್ತಿಗೆ ನಿಂತುಹೋಯಿತು. ಈಗಲೂ ಓಡಿಸುತ್ತಿರುವವರು ಟೈರು ಸಿಗದೆಂದು ನಾಲ್ಕಕ್ಕೂ ಒಂದೇ ಅಳತೆ ಹಾಕಿಸಿದರೆ, ನಾನು ಮಾಡಿದ್ದರ ತಿರುಗುಮುರುಗು ತಪ್ಪು ಮಾಡಿದಂತೆ.

ಬೈಕಿನಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ, ಯಾರೂ ಅಚ್ಚರಿಪಡುವುದಿಲ್ಲ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್‌ನ ಮುಂದಿನ ರಿಮ್ಮು 19 ಇಂಚು, ಹಿಂದಿನದು 18; ದಪ್ಪ ಟೈರು ಮಾತ್ರ ಹಿಂದೆ. ಬಹುಶಃ ಅದನ್ನು ನೋಡಿಯೇ ಹುಡುಗರಿಗೆ ಕಾರಿನ ಹಿಂಗಾಲಿಯನ್ನೂ ದಪ್ಪ ಮಾಡುವ ಆಸೆ ಬರುವುದು. ಮದುವೆಗೆ ಮುಂಚೆ ಕಾರು, ಕಾರಿಗೆ ಮುಂಚೆ ಅಲಾಯ್ ಗಾಲಿ ಎಂಬ ವಯಸ್ಸು. ಹಿಂದೆ ಮಾತ್ರ ಅಗಲದ್ದು ಹಾಕಿ, ಬಾನೆಟ್ ತುಸು ಬಗ್ಗಿ ನಿಂತಂತೆ ಮಾಡಿ, ಹಿಂದಿನ ಗಾಜಿನ ಮೇಲೆ ದೇವರದೋ ನಟನದೋ ಚಿತ್ರ ಅಂಟಿಸಿದ ಕಾರುಗಳು ಜಾತ್ರೆಯ ದಿನಗಳಲ್ಲಿ ಮಸ್ಕಿ ಮಲ್ಲಿಕಾರ್ಜುನನ ಬೆಟ್ಟದ ಕೆಳಗೆ ಸಾಲಾಗಿ ನಿಲ್ಲುತ್ತವೆ. ನೋಡಲು ಚೆಂದವೇ. ಆದರೆ ಆ ಕಾರುಗಳನ್ನು ಎಳೆಯುವುದು ಮುಂದಿನ ಗಾಲಿ. ಹಿಂದೆ ಅಗಲ ಮಾಡಿ ಸಿಕ್ಕಿದ್ದು ಪೆಟ್ರೋಲ್ ಖರ್ಚು ಮತ್ತು ಕುಣಿಯಲ್ಲಿ ಕಾರಿನ ಮೈಗೆ ಉಜ್ಜುವ ಟೈರು. ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಬದಲಿಸಿ ನಾಲ್ಕನ್ನೂ ಸಮವಾಗಿ ಸವೆಸುವ ಅನುಕೂಲವೂ ಹೋಯಿತು. ಕಂಪನಿ ಹೇಳಿದ್ದಕ್ಕಿಂತ ಬೇರೆ ಮಾಡಿದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, ಅಪಘಾತವಾದರೆ ವಿಮೆಯವರ ಪ್ರಶ್ನೆಗಳಿವೆ.

ಅಳತೆ ಬದಲಿಸಲೇಬೇಕೆನಿಸಿದರೆ ಕಂಪನಿಯವರೇ ದಾರಿ ತೋರಿಸಿದ್ದಾರೆ. ಸ್ವಿಫ್ಟ್‌ನ ಅಗ್ಗದ ಮಾದರಿಗೆ 165/80 ಆರ್14, ದುಬಾರಿ ಮಾದರಿಗೆ 185/65 ಆರ್15 ಬಂದಿವೆ. ನೋಡಲು ಬೇರೆ ಬೇರೆ. ಗುಣಿಸಿ ನೋಡಿದರೆ ಎರಡರ ವ್ಯಾಸಕ್ಕೂ ಎರಡೇ ಮಿಲಿಮೀಟರ್ ವ್ಯತ್ಯಾಸ. ರಿಮ್ಮು ಹಿಗ್ಗಿದಷ್ಟು ರಬ್ಬರು ಕುಗ್ಗಿದೆ. ನಾಲ್ಕನ್ನೂ ಒಟ್ಟಿಗೆ ಹೀಗೆ ಬದಲಿಸುವುದು ಒಂದು ಮಾತು. ಎರಡನ್ನು ಮಾತ್ರ ಬದಲಿಸುವುದು ಬೇರೆ ಮಾತು.

ಅಳತೆ ಒಂದೇ ಇದ್ದರೂ ಮೋಸವಿದೆ. ಹೊಸ ಟೈರಿನ ಗೀರಿನ ಆಳ ಸುಮಾರು 8 ಮಿ.ಮೀ., ಕಾನೂನಿನ ಕನಿಷ್ಠ ಮಿತಿ 1.6. ಅಷ್ಟು ಸವೆದರೆ ವ್ಯಾಸದಲ್ಲಿ ಹನ್ನೆರಡು-ಹದಿಮೂರು ಮಿಲಿಮೀಟರ್ ಹೋಯಿತು. ನನ್ನ 185 ಮತ್ತು 175ರ ನಡುವಿನ ಅಂತರವೂ ಇಷ್ಟೇ! ಎಡಕ್ಕೆ ಹೊಸದು, ಬಲಕ್ಕೆ ಬೋಳು ಟೈರು ಹಾಕಿ ಓಡಿಸುವವರು ಅಂಕಿ ಒಂದೇ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಇರುತ್ತಾರೆ. ಡಿಫರೆನ್ಷಿಯಲ್ಲಿಗೆ ಅಂಕಿ ಓದಲು ಬರುವುದಿಲ್ಲ.

ಇನ್ನೊಂದು ಅಭ್ಯಾಸದ ಬಗ್ಗೆ ನಾನು ಅನೇಕರೊಡನೆ ಜಗಳವಾಡಿದ್ದೇನೆ. ಎರಡೇ ಹೊಸ ಟೈರು ಕೊಂಡರೆ ಮುಂದೆ ಹಾಕಿಸುವುದು ನಮ್ಮಲ್ಲಿ ವಾಡಿಕೆ. ಎಳೆಯುವುದು, ತಿರುಗುವುದು, ಹೆಚ್ಚು ಬ್ರೇಕು ಹಿಡಿಯುವುದು ಎಲ್ಲ ಮುಂದಿನದೇ, ಹೊಸದು ಅದಕ್ಕೇ ಸಲ್ಲಬೇಕು ಎಂಬ ನ್ಯಾಯ. ಟೈರು ತಯಾರಿಸುವವರು ಹೇಳುವುದು ಮಾತ್ರ ಹಿಂದೆ ಹಾಕಿ ಎಂದು. ಕಾರಣ ನ್ಯಾನೊದ್ದೇ: ನೀರು ನಿಂತ ರಸ್ತೆಯಲ್ಲಿ ಮೊದಲು ಜಾರಬಾರದ್ದು ಹಿಂದಿನ ಗಾಲಿ. ನಮ್ಮ ರಸ್ತೆಯಲ್ಲಿ ನೀರೂ ಬೇಕಿಲ್ಲ. ಗದ್ದೆಯಿಂದ ಎದ್ದ ಟ್ರ್ಯಾಕ್ಟರು ಗಾಲಿಯ ಹಲ್ಲಿನ ಸಂದಿಯ ಎರೆ ಮಣ್ಣನ್ನು ಹೆದ್ದಾರಿಯ ಮೇಲೆ ಉದುರಿಸುತ್ತ ಹೋಗುತ್ತದೆ. ಒಣಗಿದಾಗ ಅದು ಧೂಳು. ಮೇಲೆ ನಾಲ್ಕು ಹನಿ ಬಿದ್ದರೆ ಸಾಬೂನು. ಸಿಂಧನೂರು ದಾಟಿ ಮಸ್ಕಿ ಕಡೆ ಬರುವಾಗ ಕಾಲುವೆ ಪಕ್ಕದ ತಿರುವುಗಳಲ್ಲಿ ಆ ಸಾಬೂನಿನ ಮೇಲೆ ನನ್ನ ಕಾರಿನ ಬಾಲ ಒಮ್ಮೆ ಬೀಸಿದೆ. ಆವತ್ತು ಹಿಂದಿನ ಟೈರುಗಳು ಹಳೆಯವು, ಮುಂದಿನವು ಹೊಚ್ಚಹೊಸವು.

ಮಸ್ಕಿಯಲ್ಲಿ ಆತ ಗಾಲಿ ಬದಲಿಸುವ ಹೊತ್ತಿಗೆ ಸಂಜೆಯಾಗಿತ್ತು. ಇದೇ ಊರಿನ ಬಂಡೆಯ ಮೇಲೆ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಶಾಸನದಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಸಿಕ್ಕಿ, ಇಬ್ಬರೂ ಒಬ್ಬನೇ ಎಂದು ಖಾತ್ರಿಯಾಯಿತು. ನೋಡಿ ಬರೋಣವೆಂದರೆ ಬೆಳಕಿರಲಿಲ್ಲ. ಅರವತ್ತರ ಒಳಗೇ ಲಿಂಗಸುಗೂರು ಸೇರಿದೆ. ಹಟ್ಟಿಯ ಕಡೆಯಿಂದ ಬರುವ ಲಾರಿಗಳೆಲ್ಲ ಹಾರ್ನ್ ಬಾರಿಸಿ ಹಿಂದೆ ಹಾಕಿದವು. ಮರುದಿನ ಬೆಳಿಗ್ಗೆ ಎರಡು ಹೊಸ 185 ಕೊಂಡು ಹಿಂದೆ ಹಾಕಿಸಿದೆ. ಪಕ್ಕೆಯ ಮೇಲಿನ ನಾಲ್ಕು ಅಂಕಿಯನ್ನೂ ಈ ಸಲ ಓದಿದೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಸೀಟ್ ಕವರಿನ ದುಡ್ಡು ಬಡ್ಡಿ ಸಮೇತ ಹೋಯಿತು.

ಒಂಟಿಯಾಗಿ ಉಳಿದ 175ನ್ನು ಡಿಕ್ಕಿಯಲ್ಲಿಟ್ಟುಕೊಂಡು ವಾಪಸು ಬರುವಾಗ ಮಸ್ಕಿಯಲ್ಲಿ ಆತನಿಗೇ ಕೊಟ್ಟೆ. ಮೊನ್ನೆ ಆ ದಾರಿಯಲ್ಲಿ ಹೋದಾಗ ಕಂಡಿತು. ಅಂಗಡಿ ಮುಂದಿನ ಜಾಲಿ ಮರಕ್ಕೆ ತೂಗುಹಾಕಿ, ಬಿಳಿ ಬಣ್ಣ ಬಳಿದು, ಕೆಂಪಕ್ಷರದಲ್ಲಿ ಸುತ್ತಲೂ 'ಪಂಚರ್' ಎಂದು ಬರೆಸಿದ್ದಾನೆ. ಬಣ್ಣದ ಕೆಳಗೆ 175/65 ಇನ್ನೂ ಉಬ್ಬಿ ಕಾಣುತ್ತದೆ.